ಊರಿನ ಸಂಗ್ರಹಾಲಯವೂ ಹಸ್ತಪ್ರತಿಯ ಪುಷ್ಪಿಕೆಯೂ: ಲಕ್ಕುಂಡಿಯನ್ನು ಕುರಿತು ಒಂದು ವಿಚಾರ

ಹಸ್ತಪ್ರತಿಯೊಂದು ಕೈಗೆ ಬಂದೊಡನೆ ಅಭ್ಯಾಸಿಯು ಮೊದಲು ಬಿಚ್ಚಿ ನೋಡುವುದು ಅದರ ಕಡೆಯ ಗರಿಯನ್ನು. ಗ್ರಂಥವು ಯಾವುದು, ಕರ್ತೃ ಯಾರು ಎಂಬುದು ಆದಿಯಲ್ಲಿಯೋ ಆಶ್ವಾಸಗಳ ಅಂತ್ಯದಲ್ಲಿಯೋ ತಿಳಿದುಬರುವುದುಂಟು. ಆದರೆ ಆ ಪ್ರತಿಯನ್ನು ಬರೆದವರು ಯಾರು, ಬರೆಯಿಸಿದವರು ಯಾರು, ಯಾವ ಊರಿನಲ್ಲಿ, ಯಾವ ಸಂವತ್ಸರದಲ್ಲಿ, ಯಾವ ವ್ರತದ ನಿಮಿತ್ತವಾಗಿ, ಯಾರಿಗೆ ದಾನವಾಗಿ ಎಂಬ ಸಂಗತಿಗಳು ಸಾಮಾನ್ಯವಾಗಿ ದೊರೆಯುವುದು ಕಡೆಯ ಗರಿಯ ಪುಷ್ಪಿಕೆಯಲ್ಲಿ ಮಾತ್ರ. ಆ ಒಂದು ಗರಿಯು ಮುರಿದೋ ಕಳೆದೋ ಹೋಗಿದ್ದರೆ ಗ್ರಂಥವು ಉಳಿದಿರುತ್ತದೆ. ಪ್ರತಿಯ ಚರಿತ್ರೆಯು ಅಳಿದಿರುತ್ತದೆ.

ಮೂಡುಬಿದಿರೆಯಲ್ಲಿ ಶತಮಾನಗಳ ಕಾಲ ರಕ್ಷಿತವಾಗಿ ಬಂದ ಮಹಾಬಂಧದ ಓಲೆಪ್ರತಿಯನ್ನು ನೆನೆಯಬಹುದು. ಮಲ್ಲಿಕಬ್ಬೆ ಎಂಬ ಶ್ರಾವಿಕೆಯು ಶ್ರೀಪಂಚಮಿ ವ್ರತದ ಉದ್ಯಾಪನೆಗಾಗಿ ಆ ಪ್ರತಿಯನ್ನು ಬರೆಯಿಸಿ ಮಾಘನಂದಿ ಮುನಿಗಳಿಗೆ ಸಮರ್ಪಿಸಿದಳೆಂಬುದು ಅದರ ಪ್ರಶಸ್ತಿಯಿಂದಲೇ ನಮಗೆ ತಿಳಿದಿದೆ. ಆ ಕೆಲವು ಪದ್ಯಗಳಿಲ್ಲದಿದ್ದರೆ ನಮ್ಮ ಪರಂಪರೆಯ ಮಹಾಗ್ರಂಥವೊಂದನ್ನು ನಮ್ಮವರೆಗೆ ತಲುಪಿಸಿದ ಆ ಸಾಧ್ವಿಯ ಹೆಸರನ್ನು ಇಂದು ಯಾರೂ ಹೇಳಲಾರರು. ಗ್ರಂಥದ ಮಹಿಮೆಗೆ ಅದರಿಂದ ಕುಂದು ಬರುತ್ತಿರಲಿಲ್ಲ. ಗ್ರಂಥಕ್ಕೂ ಜನಕ್ಕೂ ಇದ್ದ ಸಂಬಂಧದ ಸಾಕ್ಷ್ಯವು ಮಾತ್ರ ಇಲ್ಲವಾಗುತ್ತಿತ್ತು.

ಪ್ರಕೃತ ಲೇಖನದ ವಿಷಯವು ಊರಿನ ವಸ್ತುಸಂಗ್ರಹಾಲಯ. ಹಸ್ತಪ್ರತಿಗಳ ಅಧ್ಯಯನಕ್ಕೆ ಮೀಸಲಾದ ಪತ್ರಿಕೆಯಲ್ಲಿ ಇದರ ಪ್ರಸ್ತಾಪವೇಕೆಂಬ ಪ್ರಶ್ನೆ ಏಳಬಹುದು. ಸಂಗ್ರಹಾಲಯವನ್ನು ಸೇರುವ ಪ್ರತಿಯೊಂದು ವಸ್ತುವಿಗೂ ಒಂದು ಪುಷ್ಪಿಕೆ ಬೇಕಾಗುತ್ತದೆ. ಓಲೆಗರಿಯಂತೆ ಕಲ್ಲು ತನ್ನ ಪುಷ್ಪಿಕೆಯನ್ನು ತಾನೇ ಹೊತ್ತು ಬರುವುದು ವಿರಳ. ಶಾಸನವುಳ್ಳ ಶಿಲ್ಪಗಳನ್ನು ಬಿಟ್ಟರೆ ಉಳಿದವಕ್ಕೆ ಅದನ್ನು ಸಂಗ್ರಹಾಲಯದವರೇ ಬರೆಯಬೇಕು. ಅದನ್ನು ಬರೆಯುವ ಸ್ಥಳವೇ ದಾಖಲೆ ಪುಸ್ತಕ. ಸಂಗ್ರಹಾಲಯವೊಂದು ತನ್ನ ಊರಿಗೆ ಏನಾಗಬಲ್ಲದೆಂಬುದು ಈ ಪುಸ್ತಕವನ್ನು ಹೇಗೆ ಬರೆಯಲಾಗಿದೆ ಎಂಬುದರ ಮೇಲೆ ಬಹುಮಟ್ಟಿಗೆ ನಿಂತಿದೆ ಎಂಬುದು ಇಲ್ಲಿಯ ಪ್ರತಿಪಾದನೆ. ಇದನ್ನು ವಿವರಿಸಲು ಲಕ್ಕುಂಡಿಯನ್ನು ಮುಂದಿಟ್ಟುಕೊಳ್ಳಲಾಗಿದೆ.

ಲೊಕ್ಕಿಗುಂಡಿ ಮತ್ತು ಅತ್ತಿಮಬ್ಬೆ

ಗದಗಿನಿಂದ ಸುಮಾರು 12 ಕಿ.ಮೀ. ದೂರದಲ್ಲಿರುವ ಲಕ್ಕುಂಡಿಯು ಶಾಸನಗಳ ಲೊಕ್ಕಿಗುಂಡಿ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇದು ಸಂಪದ್ಭರಿತವಾದ ಪಟ್ಟಣವಾಗಿತ್ತು. ಇಲ್ಲಿಯ ಟಂಕಸಾಲೆಯಿಂದ ಹೊರಟ ಲೊಕ್ಕಿ ಗದ್ಯಾಣವು ಶಾಸನಗಳಲ್ಲಿ ಉಲ್ಲೇಖಿತವಾಗಿದೆ. ಮುಂದೆ ಹೊಯ್ಸಳ ಇಮ್ಮಡಿ ಬಲ್ಲಾಳನು ಉತ್ತರದ ದಂಡಯಾತ್ರೆಯ ಕಾಲದಲ್ಲಿ ಇಲ್ಲಿ ನೆಲೆವೀಡನ್ನು ಹೊಂದಿದ್ದನು. ಕಾಶಿವಿಶ್ವೇಶ್ವರ, ನನ್ನೇಶ್ವರ, ಮಾಣಿಕೇಶ್ವರ ದೇವಾಲಯಗಳೂ ಮುಸುಕಿನ ಬಾವಿಯೂ ಶಿಲ್ಪಕಲೆಯ ಅಭ್ಯಾಸಿಗಳಿಗೆ ಚಿರಪರಿಚಿತವಾದವು. ಊರಲ್ಲಿ 101 ಗುಡಿಗಳು, 101 ಬಾವಿಗಳು ಇದ್ದವೆಂಬುದು ಜನರ ನಾಲಗೆಯ ಮೇಲಿನ ಮಾತು.

ಜೈನರಿಗೆ ಈ ಊರು ಪೂಜ್ಯವಾದುದು ದಾನಚಿಂತಾಮಣಿ ಅತ್ತಿಮಬ್ಬೆಯ ಕಾರಣದಿಂದ. ಆಕೆಯು ನಿರ್ಮಿಸಿದ ಬ್ರಹ್ಮಜಿನಾಲಯವು ಇಂದಿಗೂ ನಿಂತಿದೆ. ಇರಿವಬೆಡಂಗ ಸತ್ಯಾಶ್ರಯನ ಆಳ್ವಿಕೆಗೆ ಸೇರಿದ ಕ್ರಿ.ಶ. 1007ರ ಶಾಸನವು ಆಕೆಯ ದಾನಧರ್ಮಗಳನ್ನು ವರ್ಣಿಸುತ್ತದೆ. ರನ್ನನು ಕ್ರಿ.ಶ. 993ರಲ್ಲಿ ಅಜಿತಪುರಾಣವನ್ನು ರಚಿಸಿದುದು ಆಕೆಯ ಆಶ್ರಯದಲ್ಲಿ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಆಕೆಯು ಹಂಚಿದಳೆಂಬ ಸಂಗತಿಯನ್ನು ಕನ್ನಡಿಗರೆಲ್ಲರೂ ಬಲ್ಲರು. ಆ ಪುರಾಣವನ್ನು ಪೊನ್ನನಿಂದ ಬರೆಯಿಸಿದವರು ಆಕೆಯ ತಂದೆ ಮಲ್ಲಪನೂ ಅವನ ಸಹೋದರ ಪುನ್ನಮಯ್ಯನೂ. ತವರುಮನೆಯವರು ಬರೆಯಿಸಿದ ಕೃತಿಯು ಲುಪ್ತವಾಗದಂತೆ ಮಗಳು ನೋಡಿಕೊಂಡಳು.

ಬ್ರಹ್ಮಜಿನಾಲಯದ ಸನಿಹದಲ್ಲಿಯೇ ಪುರಾತತ್ತ್ವ ಇಲಾಖೆಯ ಶಿಲ್ಪಸಂಗ್ರಹಾಲಯವಿದೆ. ಊರಿನಲ್ಲಿಯೂ ಸುತ್ತಲೂ ದೊರೆತ ಜೈನ, ಶೈವ, ವೈಷ್ಣವ ಶಿಲ್ಪಗಳು ಅಲ್ಲಿ ಒಂದೆಡೆ ಇವೆ. ಇದಲ್ಲದೆ 2024ರ ನವೆಂಬರಿನಲ್ಲಿ ಊರಿನ ಪ್ರಾಚ್ಯಾವಶೇಷಗಳನ್ನು ಗುರುತಿಸಿ ಸಂಗ್ರಹಿಸುವ ಕಾರ್ಯವು ನಡೆದಾಗ ಅಲ್ಲಿಯ ನಿವಾಸಿಗಳು ತಮ್ಮ ವಶದಲ್ಲಿದ್ದ, ತಮ್ಮ ಕಣ್ಣಿಗೆ ಬಿದ್ದಿದ್ದ ನೂರಾರು ವಸ್ತುಗಳನ್ನು ಒಪ್ಪಿಸಲು ಮುಂದೆ ಬಂದರು. 2025ರಲ್ಲಿ ಉತ್ಖನನಕ್ಕೂ ಚಾಲನೆ ದೊರೆಯಿತು. ಬಯಲು ವಸ್ತುಸಂಗ್ರಹಾಲಯವನ್ನು ರೂಪಿಸುವ ಯೋಜನೆಯೂ ಇದೆ. ಒಂದು ಊರು ತನ್ನ ಚರಿತ್ರೆಯನ್ನು ತಾನೇ ಕೈಯಾರೆ ಎತ್ತಿ ಕೊಡುವ ಇಂತಹ ಸಂದರ್ಭವು ಪದೇ ಪದೇ ಒದಗುವುದಿಲ್ಲ. ಆದುದರಿಂದಲೇ ಕೊಟ್ಟುದನ್ನು ಹೇಗೆ ಸ್ವೀಕರಿಸಬೇಕೆಂಬುದು ವಿಚಾರಣೀಯವಾಗಿದೆ.

ರಕ್ಷಣೆಯ ಎರಡು ಮಾರ್ಗಗಳು

ಶ್ರುತವನ್ನು ಕಾಪಾಡಲು ನಮ್ಮ ಹಿರಿಯರು ಎರಡು ಮಾರ್ಗಗಳನ್ನು ಹಿಡಿದರು. ಒಂದು ಹಂಚುವ ಮಾರ್ಗ. ಇನ್ನೊಂದು ಒಂದೆಡೆಯಲ್ಲಿ ಭದ್ರವಾಗಿ ಇಡುವ ಮಾರ್ಗ. ಅತ್ತಿಮಬ್ಬೆಯದು ಮೊದಲನೆಯದು. ಆಕೆ ಬರೆಯಿಸಿದ ಸಾವಿರ ಪ್ರತಿಗಳಲ್ಲಿ ಒಂದನ್ನಾದರೂ ಇದೇ ಎಂದು ಇಂದು ಎತ್ತಿ ತೋರಿಸಲಾಗದು. ಆದರೆ ಪ್ರತಿಯಿಂದ ಪ್ರತಿಗೆ ಸಾಗಿ ಶಾಂತಿಪುರಾಣವು ನಮಗೆ ಉಳಿದಿದೆ.

ಮೂಡುಬಿದಿರೆಯ ಸಿದ್ಧಾಂತಗ್ರಂಥಗಳದು ಎರಡನೆಯ ಮಾರ್ಗ. ಧವಲಾ, ಜಯಧವಲಾ, ಮಹಾಬಂಧಗಳ ಓಲೆಪ್ರತಿಗಳು ಬಸದಿಯಲ್ಲಿ ದರ್ಶನಕ್ಕೆ ಮಾತ್ರ ಮೀಸಲಾಗಿ ಬಹುಕಾಲ ಉಳಿದವು. ಭಕ್ತಿಯಿಂದ ಕಾಪಾಡಿದ್ದರಿಂದಲೇ ಅವು ಉಳಿದವೆಂಬುದನ್ನು ಕೃತಜ್ಞತೆಯಿಂದ ಸ್ಮರಿಸಬೇಕು. ಆದರೆ ಮಹಾಬಂಧದ ಪ್ರಾಚೀನ ಪ್ರತಿಯಲ್ಲಿ ಕೆಲವು ಗರಿಗಳು ನಷ್ಟವಾಗಿವೆ. ಆ ಸ್ಥಳಗಳಲ್ಲಿದ್ದ ಪಾಠವನ್ನು ಬೇರೆ ಪ್ರತಿಯಿಂದ ತುಂಬಿಕೊಳ್ಳಲು ಬೇರೆ ಪ್ರಾಚೀನ ಪ್ರತಿಯೇ ಇಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಪ್ರತಿ ಮಾಡುವ ಕಾರ್ಯವು ಆರಂಭವಾಗಿ, ಮುಂದೆ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲೆಯ ಮೊದಲ ಸಂಪುಟವು 1939ರಲ್ಲಿ ಪ್ರಕಟವಾಯಿತು. 16 ಸಂಪುಟಗಳು ಮುಗಿದದ್ದು 1958ರಲ್ಲಿ. ಆ ಕಾರ್ಯವು ಇನ್ನೂ ಕೆಲವು ತಲೆಮಾರು ತಡವಾಗಿದ್ದರೆ ಎಷ್ಟು ಗರಿಗಳು ಉಳಿದಿರುತ್ತಿದ್ದವು ಎಂಬುದನ್ನು ಊಹಿಸಲು ಮನಸ್ಸು ಅಂಜುತ್ತದೆ.

ವಸ್ತುಸಂಗ್ರಹಾಲಯವು ಸ್ವಭಾವತಃ ಎರಡನೆಯ ಮಾರ್ಗದ ಸಂಸ್ಥೆ. ವಸ್ತುವೊಂದನ್ನು ಸಾವಿರವಾಗಿ ಮಾಡಿ ಹಂಚಲು ಬರುವುದಿಲ್ಲ. ಆದರೆ ವಸ್ತುವಿನ ವಿವರವನ್ನು, ಛಾಯಾಚಿತ್ರವನ್ನು, ಶಾಸನದ ಅಚ್ಚನ್ನು, ಓಲೆಯ ಪಾಠವನ್ನು ಹಂಚಲು ಯಾವ ಅಡ್ಡಿಯೂ ಇಲ್ಲ. ವಸ್ತುವನ್ನು ಮೂಡುಬಿದಿರೆಯವರಂತೆ ಇಡಬೇಕು, ಅದರ ತಿಳಿವನ್ನು ಅತ್ತಿಮಬ್ಬೆಯಂತೆ ಹಂಚಬೇಕು. ಸಣ್ಣ ಊರಿನ ಸಂಗ್ರಹಾಲಯಕ್ಕೆ ಇದಕ್ಕಿಂತ ಬೇರೆ ನೀತಿಯು ಬೇಕಾಗದು.

ಸ್ಥಳದ ಸಾಕ್ಷ್ಯ

ಉತ್ಖನನದಲ್ಲಿ ದೊರೆತುದನ್ನು ದೊರೆತ ಸ್ಥಳದಲ್ಲಿಯೇ ಇಡಬೇಕೆಂಬ ತತ್ತ್ವವು ನಮ್ಮ ದೇಶದಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ನೆಲೆಗೊಂಡಿತು. ಸಾರನಾಥದ ಸಂಗ್ರಹಾಲಯ ಕಟ್ಟಡವು 1910ರಲ್ಲಿ ಪೂರ್ಣಗೊಂಡಿತು. ಕರ್ನಾಟಕದಲ್ಲಿ ಐಹೊಳೆ, ಬಾದಾಮಿ, ಹಳೇಬೀಡು, ಕಮಲಾಪುರಗಳ ಸಂಗ್ರಹಾಲಯಗಳು ಇದೇ ಪಂಕ್ತಿಗೆ ಸೇರಿದವು. ಶಿಲ್ಪವನ್ನೂ ಅದು ಇದ್ದ ಗುಡಿಯನ್ನೂ ಒಂದೇ ದಿನ, ಒಂದೇ ನಡಿಗೆಯಲ್ಲಿ ನೋಡುವಂತಿದ್ದರೆ ಎರಡೂ ಒಂದನ್ನೊಂದು ವಿವರಿಸುತ್ತವೆ.

ಇದರ ಜೊತೆಗೆ ಇನ್ನೊಂದು ಪ್ರಯೋಜನವಿದೆ. ಅದು ಹೆಚ್ಚಾಗಿ ಗಮನಕ್ಕೆ ಬಂದಿಲ್ಲ. ವಸ್ತುವು ಊರಿನಲ್ಲಿದ್ದರೆ ಅದನ್ನು ಬಲ್ಲವರೂ ಅದರ ಹತ್ತಿರದಲ್ಲಿರುತ್ತಾರೆ. ಬಟ್ಟೆ ಒಗೆಯುವ ಕಲ್ಲಾಗಿ ಕವುಚಿ ಬಿದ್ದಿದ್ದ ವೀರಗಲ್ಲು ಮೊದಲು ಯಾವ ಹೊಲದ ಬದುವಿನಲ್ಲಿತ್ತು, ಯಾವ ಬಾವಿಯ ಹೂಳೆತ್ತಿದಾಗ ಯಾವ ಬಿಂಬವು ದೊರೆಯಿತು, ಯಾವ ಮನೆಯ ತಳಪಾಯಕ್ಕೆ ಯಾವ ಗುಡಿಯ ಕಲ್ಲು ಹೋಯಿತು ಎಂಬುದನ್ನು ಹೇಳಬಲ್ಲವರು ಊರಿನ ವೃದ್ಧರೇ. ಈ ತಿಳಿವು ಯಾವ ಗ್ರಂಥದಲ್ಲಿಯೂ ಇಲ್ಲ. ಅವರು ಕಾಲವಾದಂದು ಅದೂ ಹೋಗುತ್ತದೆ. ಶಿಲ್ಪವು ದೂರದ ನಗರಕ್ಕೆ ಹೋದರೆ ಅಲ್ಲಿಯ ವಿದ್ವಾಂಸರು ಅದರ ಶೈಲಿಯಿಂದ ಕಾಲವನ್ನು ನಿರ್ಣಯಿಸಬಲ್ಲರು. ಅದು ಬಿದ್ದಿದ್ದ ಬದುವನ್ನು ಹೇಳಲಾರರು. ಹೊಲದ ಬದುವಿನಲ್ಲಿ ಇಂದು ಒಂಟಿಯಾಗಿ ದೊರೆತ ಕಂಬದ ತುಂಡು, ಅಲ್ಲಿ ಹಿಂದೆ ಗುಡಿಯೊಂದಿತ್ತೆಂಬುದಕ್ಕೆ ಉಳಿದಿರುವ ಒಂದೇ ಸುಳಿವಾಗಿರಬಹುದು.

ದಾಖಲೆ ಪುಸ್ತಕ

ಸ್ಥಳದ ಸಾಕ್ಷ್ಯವು ಬರೆದಿಟ್ಟರೆ ಮಾತ್ರ ಸಾಕ್ಷ್ಯ. ಬರೆಯದೆ ಬಿಟ್ಟುದರ ಫಲವನ್ನು ಹಸ್ತಪ್ರತಿಗಳ ಚರಿತ್ರೆಯೇ ತೋರಿಸುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದಿತು, ಡಾ. ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅದನ್ನು ಪ್ರಕಟಿಸಿ ಲೋಕವಿಖ್ಯಾತರಾದರು. ಆ ಪ್ರತಿಯನ್ನು ತಂದುಕೊಟ್ಟವರು ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು ಎಂಬಷ್ಟೇ ಇಂದು ನಮಗೆ ತಿಳಿದಿದೆ. ಅವರ ಹೆಸರೇನು, ಅವರ ಮನೆಯಲ್ಲಿ ಆ ಕಟ್ಟಿನ ಜೊತೆಗೆ ಇನ್ನಾವ ಗ್ರಂಥಗಳಿದ್ದವು, ಯಾವ ಗುರುಪರಂಪರೆಯಲ್ಲಿ ಅದು ಅವರಿಗೆ ಬಂದಿತ್ತು ಎಂಬ ಪ್ರಶ್ನೆಗಳಿಗೆ ಉತ್ತರವಿಲ್ಲ. ಶತಮಾನಗಳ ಕಾಲ ಆ ಗ್ರಂಥವನ್ನು ಹುಳುವಿಗೂ ಬೆಂಕಿಗೂ ಬಿಡದೆ ಕಾಪಾಡಿದ ಮನೆಯು ಅನಾಮಧೇಯವಾಗಿ ಉಳಿಯಿತು.

ಇದಕ್ಕೆ ಹೋಲುವ ಸಣ್ಣ ಅನುಭವವೊಂದು ನನಗೂ ಆಗಿದೆ. ಹಲವು ವರ್ಷಗಳ ಹಿಂದೆ ಸಂಗ್ರಹವೊಂದರ ಓಲೆಕಟ್ಟುಗಳ ಸೂಚಿಯನ್ನು ಮಾಡುತ್ತಿದ್ದಾಗ ಪುಷ್ಪಿಕೆಯಿಲ್ಲದ ಕಟ್ಟೊಂದು ದೊರೆಯಿತು. ಅದು ಎಲ್ಲಿಂದ ಬಂದುದೆಂದು ವಿಚಾರಿಸಲಾಗಿ, ಕಟ್ಟಿಗೆ ಸುತ್ತಿದ್ದ ಹಳೆಯ ವಸ್ತ್ರದ ಮೇಲೆ ಏನೋ ಹೆಸರು ಬರೆದಿತ್ತೆಂದೂ, ಶುಚಿ ಮಾಡುವಾಗ ವಸ್ತ್ರವು ಜೀರ್ಣವಾಗಿದ್ದುದರಿಂದ ಎಸೆದು ಹೊಸ ಕೆಂಪು ವಸ್ತ್ರವನ್ನು ಸುತ್ತಲಾಯಿತೆಂದೂ ತಿಳಿದುಬಂದಿತು. ಕೆಲಸ ಮಾಡಿದವರು ಶ್ರದ್ಧೆಯಿಂದಲೇ ಮಾಡಿದ್ದರು, ಓಲೆಗಳು ನಿರ್ಮಲವಾಗಿದ್ದವು. ಆ ಕಟ್ಟಿನ ಊರು ಮಾತ್ರ ಆ ವಸ್ತ್ರದೊಡನೆ ಹೋಗಿತ್ತು. ಅಂದಿನಿಂದ ಯಾವ ಕಟ್ಟನ್ನು ಬಿಚ್ಚುವಾಗಲೂ ಮೊದಲು ವಸ್ತ್ರವನ್ನೂ ಹಲಗೆಗಳನ್ನೂ ದಾರವನ್ನೂ ನೋಡಿ ಬರೆದುಕೊಳ್ಳುವುದು ನನಗೆ ನಿಯಮವಾಗಿದೆ.

ಹಸ್ತಪ್ರತಿಗಳ ವರ್ಣನಾತ್ಮಕ ಸೂಚಿಯನ್ನು ಮಾಡುವವರು ಗರಿಗಳ ಸಂಖ್ಯೆ, ಉದ್ದಗಲ, ಪುಟಕ್ಕೆ ಸಾಲುಗಳು, ಲಿಪಿ, ಭಾಷೆ, ಆದಿ, ಅಂತ್ಯ, ಪುಷ್ಪಿಕೆ, ಸ್ಥಿತಿ ಇವುಗಳನ್ನು ಕ್ರಮವಾಗಿ ಬರೆಯುತ್ತಾರೆ. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿ 1948ರಲ್ಲಿ ಭಾರತೀಯ ಜ್ಞಾನಪೀಠದಿಂದ ಪ್ರಕಟವಾದ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿಯು ಮೂಡುಬಿದಿರೆ, ಕಾರ್ಕಳ ಮುಂತಾದೆಡೆಗಳ ಭಂಡಾರಗಳನ್ನು ಇದ್ದ ಸ್ಥಳದಲ್ಲಿಯೇ ಪರಿಶೀಲಿಸಿ ದಾಖಲಿಸಿದ ಮಹತ್ತ್ವದ ಕಾರ್ಯ. ಪ್ರತಿಗಳನ್ನು ಕದಲಿಸದೆಯೇ ಅವುಗಳ ತಿಳಿವನ್ನು ದೇಶಕ್ಕೆಲ್ಲ ಹಂಚಲು ಸಾಧ್ಯವೆಂಬುದಕ್ಕೆ ಅದು ನಿದರ್ಶನ. ಊರಿನ ಸಂಗ್ರಹಾಲಯದ ದಾಖಲೆಗೂ ಇದೇ ಕ್ರಮವು ಒಪ್ಪುತ್ತದೆ. ವಸ್ತುವನ್ನು ಸ್ವೀಕರಿಸಿದ ದಿನವೇ ಬರೆಯಬೇಕಾದ ಸಂಗತಿಗಳು ಹೀಗಿವೆ: ವಸ್ತುವಿನ ಅಳತೆ ಮತ್ತು ಸ್ಥಿತಿ, ಅದು ದೊರೆತ ಹೊಲ, ಬಾವಿ, ಮನೆ ಅಥವಾ ಗುಡಿಯ ಹೆಸರು, ಅಲ್ಲಿಗೆ ಅದು ಬಂದ ಬಗೆಯನ್ನು ಕುರಿತು ಮನೆಯವರ ಮಾತು, ಒಪ್ಪಿಸಿದವರ ಹೆಸರು, ಅದನ್ನು ಊರಿನವರು ಕರೆಯುತ್ತಿದ್ದ ಹೆಸರು. ಕೊನೆಯದನ್ನು ಎಷ್ಟೋ ವೇಳೆ ತಪ್ಪೆಂದು ಬಿಟ್ಟುಬಿಡಲಾಗುತ್ತದೆ. ಜಿನಬಿಂಬವನ್ನು ಊರಿನವರು ಬೇರಾವುದೋ ದೇವರ ಹೆಸರಿನಿಂದ ಕರೆದು ಎಣ್ಣೆ ಎರೆಯುತ್ತಿದ್ದರೆ ಆ ಹೆಸರೂ ಚರಿತ್ರೆಯೇ. ಬಸದಿಯು ಹಾಳಾದ ಮೇಲೆ ಬಿಂಬವು ಹೇಗೆ ಉಳಿಯಿತೆಂಬುದನ್ನು ಅದು ತಿಳಿಸುತ್ತದೆ. ಶಾಸ್ತ್ರೀಯ ನಾಮವನ್ನು ಅದರ ಪಕ್ಕದಲ್ಲಿ ಬರೆದರಾಯಿತು.

ಭಯ ಮತ್ತು ನಂಬಿಕೆ

ಜನರು ತಮ್ಮಲ್ಲಿರುವುದನ್ನು ತೋರಿಸಲು ಹಿಂಜರಿಯುವುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ಕಾನೂನಿನ ಭಯ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಅಧಿನಿಯಮದ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ಶಿಲ್ಪಾದಿಗಳೂ, ಶಾಸ್ತ್ರೀಯ, ಐತಿಹಾಸಿಕ ಅಥವಾ ಸಾಹಿತ್ಯಿಕ ಮೌಲ್ಯವುಳ್ಳ ಎಪ್ಪತ್ತೈದು ವರ್ಷಕ್ಕೆ ಕಡಿಮೆಯಿಲ್ಲದ ಹಸ್ತಪ್ರತಿಗಳೂ ಪ್ರಾಚ್ಯವಸ್ತುಗಳೆನಿಸುತ್ತವೆ. ಮನೆಯಲ್ಲಿ ಓಲೆಕಟ್ಟು ಇರುವುದು ಅಪರಾಧವಲ್ಲ. ಅವನ್ನು ವಿದೇಶಕ್ಕೆ ಸಾಗಿಸುವುದೂ, ಅನುಮತಿಪತ್ರವಿಲ್ಲದೆ ವ್ಯಾಪಾರ ಮಾಡುವುದೂ ನಿಷಿದ್ಧ. ಗೊತ್ತುಪಡಿಸಿದ ಕೆಲವು ವರ್ಗಗಳ ವಸ್ತುಗಳಿಗೆ ನೋಂದಣಿ ಆವಶ್ಯಕ. ನೆಲದಲ್ಲಿ ಹುದುಗಿದ್ದು ದೊರೆತ ನಿಧಿಗೆ 1962ರ ಕರ್ನಾಟಕ ನಿಧಿ ಅಧಿನಿಯಮವು ಅನ್ವಯಿಸುತ್ತದೆ. ಅಂತಹುದು ದೊರೆತರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಈ ವ್ಯತ್ಯಾಸಗಳು ತಿಳಿಯದೆ ಹಲವರು ಎಲ್ಲವನ್ನೂ ಅಡಗಿಸಿಡುತ್ತಾರೆ. ಕೆಲವರು ಹೆದರಿ ಹೊಳೆಗೆ ಬಿಡುತ್ತಾರೆ. ಇವನ್ನು ತಿಳಿಗನ್ನಡದಲ್ಲಿ ಬರೆದು ಬಾಗಿಲಲ್ಲಿ ತೂಗುಹಾಕುವುದು ಊರಿನ ಸಂಗ್ರಹಾಲಯವು ಮಾಡಬಹುದಾದ ಮೊದಲ ಉಪಕಾರ.

ಎರಡನೆಯದು ಧರ್ಮಭಯ. ಭಿನ್ನವಾದ ಬಿಂಬವು ಪೂಜೆಗೆ ಅರ್ಹವಲ್ಲವೆಂಬ ಸಂಪ್ರದಾಯದಿಂದ ಅದನ್ನು ನೀರಿಗೆ ಬಿಡುವ ರೂಢಿಯುಂಟು. ಓದಲು ಬಾರದ ಜೀರ್ಣವಾದ ಓಲೆಕಟ್ಟುಗಳಿಗೂ ಇದೇ ಗತಿಯಾದುದನ್ನು ಗ್ರಂಥಾನ್ವೇಷಣೆಗೆ ಹೋದವರೆಲ್ಲರೂ ಕೇಳಿದ್ದಾರೆ. ಅವಮಾನವಾಗದಿರಲೆಂಬ ಸದ್ಭಾವನೆಯೇ ಇಲ್ಲಿ ನಾಶಕ್ಕೆ ಕಾರಣವಾಯಿತು. ಪೂಜೆಗೂ ವಿಸರ್ಜನೆಗೂ ನಡುವೆ ಮೂರನೆಯ ಗೌರವದ ಸ್ಥಾನವೊಂದಿದೆ ಎಂಬುದನ್ನು ಜನರಿಗೆ ಮನಗಾಣಿಸುವುದು ಸಂಗ್ರಹಾಲಯದ ಎರಡನೆಯ ಉಪಕಾರ. ಅದು ಮನದಟ್ಟಾಗಬೇಕಾದರೆ ವಸ್ತುಗಳನ್ನು ಇಟ್ಟಿರುವ ಬಗೆಯು ಹಾಗಿರಬೇಕು. ಬಿಂಬವನ್ನು ನೆಲದ ಮೇಲೆ ಗೋಡೆಗೆ ಒರಗಿಸಿ, ಶಾಸ್ತ್ರದ ಕಟ್ಟನ್ನು ಕಾಲಿನ ಮಟ್ಟದ ಕಪಾಟಿನಲ್ಲಿಟ್ಟು ಗೌರವದ ಮಾತನ್ನು ಆಡಿದರೆ ಯಾರೂ ನಂಬುವುದಿಲ್ಲ. ಹಾಗೆಯೇ ಊರಿನಲ್ಲಿ ಇಂದಿಗೂ ಪೂಜೆಗೊಳ್ಳುತ್ತಿರುವ ಮೂರ್ತಿಯನ್ನು ಸಂಗ್ರಹಾಲಯಕ್ಕೆ ಕೇಳಬಾರದು. ಅದನ್ನು ಅಲ್ಲಿಯೇ ಬಿಟ್ಟು ವಿವರವನ್ನೂ ಛಾಯಾಚಿತ್ರವನ್ನೂ ದಾಖಲಿಸಿಕೊಂಡರೆ ಸಾಕು.

ಊರಿಗೆ ಹಿಂದಿರುಗಿಸುವುದು

ಕೊಟ್ಟವರಿಗೆ ಏನು ಹಿಂದಿರುಗಬೇಕು? ಮೊದಲನೆಯದಾಗಿ ಹೆಸರು. ಶಿಲ್ಪದ ಪಕ್ಕದ ಫಲಕದಲ್ಲಿ ಕಾಲ, ಶೈಲಿಗಳ ಜೊತೆಗೆ ಅದು ಯಾವ ಓಣಿಯಿಂದ ಬಂದಿತು, ಯಾರು ಒಪ್ಪಿಸಿದರು ಎಂಬುದೂ ಅವರ ಸಮ್ಮತಿಯಿದ್ದಲ್ಲಿ ಇರಬೇಕು. ಮೊಮ್ಮಗನು ಬಂದು ಅಜ್ಜಿಯ ಹೆಸರನ್ನು ಓದುವ ಸ್ಥಳವನ್ನು ಆ ಮನೆಯವರು ಎಂದಿಗೂ ಪರಕೀಯವೆಂದು ಭಾವಿಸರು. ಎರಡನೆಯದಾಗಿ ಪ್ರತಿ. ಓಲೆಕಟ್ಟನ್ನು ಕೊಟ್ಟ ಮನೆಗೆ ಅದರ ಛಾಯಾಪ್ರತಿಯನ್ನೂ, ಅದರಲ್ಲಿ ಏನಿದೆಯೆಂಬ ತಿಳಿಗನ್ನಡದ ಟಿಪ್ಪಣಿಯನ್ನೂ ಕೊಡಬೇಕು. 2003ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವೂ, ಅದನ್ನು ವಿಸ್ತರಿಸಿ 2025ರ ಮುಂಗಡಪತ್ರದಲ್ಲಿ ಘೋಷಿಸಲಾದ ಜ್ಞಾನಭಾರತಂ ಯೋಜನೆಯೂ ಹಸ್ತಪ್ರತಿಗಳ ಗಣನೆಗೂ ಅಂಕೀಯ ಪ್ರತೀಕರಣಕ್ಕೂ ಮುಂದಾಗಿವೆ. ದೆಹಲಿಯ ಸೂಚಿಯಲ್ಲಿ ಸೇರಿದ ಪ್ರತಿಯ ತಿಳಿವು ಅದು ಇದ್ದ ಮನೆಗೂ ತಲುಪಬೇಕು. ಆ ತಲುಪಿಸುವ ಕೆಲಸಕ್ಕೆ ಊರಿನ ಸಂಗ್ರಹಾಲಯಕ್ಕಿಂತ ಸಮೀಪದ ಸಂಸ್ಥೆ ಬೇರೊಂದಿಲ್ಲ.

ಮೂರನೆಯದಾಗಿ ಓದು. ಜ್ಯೇಷ್ಠ ಶುಕ್ಲ ಪಂಚಮಿಯಂದು ನಾವು ಶ್ರುತಪಂಚಮಿಯನ್ನು ಆಚರಿಸುತ್ತೇವೆ. ಪುಷ್ಪದಂತ, ಭೂತಬಲಿ ಆಚಾರ್ಯರ ಷಟ್ಖಂಡಾಗಮವು ಪುಸ್ತಕಾರೂಢವಾದುದರ ಸ್ಮರಣೆಯ ದಿನವದು. ಶಾಸ್ತ್ರದ ಕಟ್ಟುಗಳನ್ನು ಭಂಡಾರದಿಂದ ಹೊರತೆಗೆದು, ಧೂಳು ಒರೆಸಿ, ಗಾಳಿಯಾಡಿಸಿ, ಹೊಸ ವಸ್ತ್ರವನ್ನು ಸುತ್ತಿ ಪೂಜಿಸುವ ಈ ಪದ್ಧತಿಯಲ್ಲಿ ಭಕ್ತಿಯೂ ಸಂರಕ್ಷಣೆಯೂ ಒಂದಾಗಿವೆ. ಮಳೆಗಾಲವು ಬಲವಾಗಿ ಹಿಡಿಯುವ ಮೊದಲು ಕಟ್ಟುಗಳ ಸ್ಥಿತಿಯನ್ನು ವರ್ಷಕ್ಕೊಮ್ಮೆ ಪರೀಕ್ಷಿಸುವ ಏರ್ಪಾಡು ಇದಾಗಿದೆ. ಹಸ್ತಪ್ರತಿಗಳನ್ನು ಹೊಂದಿರುವ ಪ್ರತಿಯೊಂದು ಊರಿನ ಸಂಗ್ರಹಾಲಯವೂ ವರ್ಷದಲ್ಲಿ ಇಂತಹ ಒಂದು ದಿನವನ್ನು ಇಟ್ಟುಕೊಳ್ಳಬಹುದು. ಅಂದು ಕಟ್ಟುಗಳನ್ನು ಬಿಚ್ಚಲಿ. ಬಲ್ಲವರು ಒಂದೆರಡು ಪುಟಗಳನ್ನು ಓದಿ ಅರ್ಥವನ್ನು ಹೇಳಲಿ. ಶಾಲೆಯ ಮಕ್ಕಳು ಹಳಗನ್ನಡದ ಲಿಪಿಯಲ್ಲಿ ತಮ್ಮ ಊರಿನ ಹೆಸರನ್ನು ಗುರುತಿಸಲು ಕಲಿಯಲಿ. ವೃದ್ಧರು ಹೇಳಿದುದನ್ನು ಅಂದೇ ದಾಖಲೆ ಪುಸ್ತಕಕ್ಕೆ ಸೇರಿಸಲಿ. ಇದಕ್ಕೆ ವಿಶೇಷ ದ್ರವ್ಯವು ಬೇಕಾಗದು.

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನವು ಚತುರ್ವಿಧ. ಅತ್ತಿಮಬ್ಬೆಯ ಕಾಲದಲ್ಲಿ ಶಾಸ್ತ್ರದಾನವೆಂದರೆ ಪ್ರತಿಯನ್ನು ಬರೆಯಿಸಿ ಕೊಡುವುದಾಗಿತ್ತು. ನಮ್ಮ ಕಾಲದಲ್ಲಿ ಗ್ರಂಥವು ಮುದ್ರಿತವಾಗಿ ಸುಲಭವಾಗಿದೆ. ದುರ್ಲಭವಾಗುತ್ತಿರುವುದು ಗ್ರಂಥವನ್ನೂ ಬಿಂಬವನ್ನೂ ಕಾಪಾಡಿದವರ ವೃತ್ತಾಂತ. ಆಕೆಯ ಊರಿನ ಜನರು ತಮ್ಮ ಅಂಗಳದ ಕಲ್ಲುಗಳನ್ನು ಒಪ್ಪಿಸುತ್ತಿರುವಾಗ ಪ್ರತಿಯೊಂದು ಕಲ್ಲಿನ ಜೊತೆಗೆ ನಾಲ್ಕು ಸಾಲುಗಳ ಪುಷ್ಪಿಕೆಯನ್ನು ಶುದ್ಧವಾಗಿ ಬರೆದಿಡುವುದೂ ಶಾಸ್ತ್ರದಾನವೇ. ಮಲ್ಲಿಕಬ್ಬೆಯ ಹೆಸರು ಉಳಿದುದು ಲಿಪಿಕಾರನೊಬ್ಬನು ಕಡೆಯ ಗರಿಯಲ್ಲಿ ಅದನ್ನು ಬರೆದುದರಿಂದ. ಅಂತಹ ಲಿಪಿಕಾರರು ಪ್ರತಿಯೊಂದು ಊರಿನ ಸಂಗ್ರಹಾಲಯಕ್ಕೂ ಒಬ್ಬೊಬ್ಬರಾದರೂ ದೊರೆಯಲಿ ಎಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇನೆ.